ಹಗೇವಿನಲ್ಲಿ ಹುಟ್ಟಿದ ಬಯಲಾಟ

ಗಂಗಾವತಿ
೨೧೮೭ನೇ ಇಸವಿ, ಹದಿಮೂರನೇ ತಿಂಗಳ ಮೂರನೇ ತಾರೀಕು

ನೂರೈವತ್ತು ವರ್ಷ ಹಿಂದಿನ ಮಹನೀಯರೇ, ಮಹಿಳೆಯರೇ,

ಇಂಥ ಓಲೆಗಳನ್ನು ಕ್ಷಮೆ ಕೇಳಿ ಶುರು ಮಾಡಬೇಕೆಂಬುದು ರೂಢಿ. ನಿಮಗೆ ಗೊತ್ತಿಲ್ಲದ ಕೆಲವು ಪದಗಳು ಇದರಲ್ಲಿ ಬರುತ್ತವೆ. ನಿಮಗೆ ಗೊತ್ತಿರುವ ಪದಗಳನ್ನು ನಾನು ಹಳೆಯ ಅಚ್ಚಿನ ಪುಸ್ತಕಗಳಿಂದ ಕಲಿತು ಬಳಸುತ್ತಿದ್ದೇನೆ, ಎಲ್ಲಾದರೂ ತಪ್ಪಿದ್ದರೆ ಮನ್ನಿಸಿ. ರೂಢಿ ಮುಗಿಯಿತು. ಇನ್ನು ಕ್ಷಮೆ ಕೇಳುವುದಿಲ್ಲ. ಕಾಲಕ್ಕೆ ಎದುರಾಗಿ ಈ ಓಲೆ ನಿಮ್ಮ ಕೈಗೆ ಹೇಗೆ ಬಂತೆಂದು ವಿವರಿಸುವುದೂ ಇಲ್ಲ. ವಿವರಿಸಿದರೆ ನಾಲ್ಕು ಪುಟವಾಗುತ್ತದೆ. ನಾಲ್ಕು ಪುಟದ ಯಾವುದನ್ನೂ ಓದದೆ ಕೊನೆಯಲ್ಲಿರುವ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತುವ ಜನ ನೀವೆಂಬುದು ನಮ್ಮ ಮಕ್ಕಳಿಗೂ ಗೊತ್ತು.

ನನ್ನ ಹೆಸರು ಫಕೀರವ್ವ. ಹಳೇ ಪೇಟೆಯಲ್ಲಿ ಕೈಗಾಜು ರಿಪೇರಿ ಮಾಡುತ್ತೇನೆ. ಕೈಗಾಜು ಎಂದರೆ ನಿಮ್ಮ ಮೊಬೈಲಿನ ಮರಿಮಗಳು. ಅದಕ್ಕಿಂತ ತೆಳು, ಅದಕ್ಕಿಂತ ಚಾಡಿಕೋರಿ. ಹದಿಮೂರನೇ ತಿಂಗಳು ಎಲ್ಲಿಂದ ಬಂತು ಎಂದು ಹುಬ್ಬೇರಿಸಿರುತ್ತೀರಿ. ನಿಮ್ಮ ಕೃಪೆ. ಏಪ್ರಿಲ್ಲಿನ ಬಾಲವನ್ನೂ ಮೇ ತಿಂಗಳ ತಲೆಯನ್ನೂ ಕತ್ತರಿಸಿ ನಮ್ಮ ಹಿರಿಯರು ಉರಿತಿಂಗಳು ಎಂದು ಬೇರೆ ಮಾಡಿದರು. ಕೊನೆಗೆ ಸೇರಿದ್ದರಿಂದ ಅದಕ್ಕೆ ಕೊನೆಯ ಸಂಖ್ಯೆ. ಆ ತಿಂಗಳು ಹಗಲಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಶಾಲೆ, ಸಂತೆ, ಕೋರ್ಟು ಎಲ್ಲಕ್ಕೂ ಬೀಗ. ಉಳಿದ ತಿಂಗಳುಗಳಲ್ಲಿ ನೆರಳುಹಾದಿಯಲ್ಲಿ ಓಡಾಡುತ್ತೇವೆ. ನೆರಳುಹಾದಿ ಎಂದರೆ ಬಿದಿರಿನ ಚಪ್ಪರ ಹಾಕಿ ಹೀರೆ, ಹಾಗಲ, ಸೋರೆ ಹಬ್ಬಿಸಿದ ಬೀದಿ. ಪ್ರತಿ ಮನೆಯವರೂ ತಮ್ಮ ಮನೆಯ ಮುಂದಿನಷ್ಟು ಬಳ್ಳಿಗೆ ನೀರು ಹಾಕಬೇಕು. ಬಳ್ಳಿ ನನ್ನದು, ಕಾಯಿ ಯಾರದು ಎಂದು ದಿನವೂ ಜಗಳ. ಹಾದಿ ಬಿಟ್ಟು ಹೊರಗೆ ಹೋಗುವವರು ಬಿಸಿಲಂಗಿ ತೊಡುತ್ತಾರೆ, ತಲೆಯಿಂದ ಹಿಮ್ಮಡಿಯವರೆಗೆ ಇಳಿಯುವ ಬಿಳಿ ನಿಲುವಂಗಿ. ನಿಮ್ಮ ಕಾಲದಲ್ಲಿ ಅಕ್ಕಿಯ ಕಣಜವೆನಿಸಿದ್ದ ಈ ಊರಿನಲ್ಲಿ ಈಗ ಅನ್ನ ಮದುವೆಯ ಊಟ. ದಿನದ ಊಟ ಸಜ್ಜೆ ರೊಟ್ಟಿ. ಇವತ್ತು ಉರಿತಿಂಗಳ ಮೂರನೇ ದಿನ, ಕೈಗೆ ಕೆಲಸವಿಲ್ಲ. ಆದ್ದರಿಂದ ನಿಮ್ಮನ್ನು ನೆನೆಯಲು ಪುರಸೊತ್ತಾಗಿದೆ.

ನೀವು ನಮಗೆ ಬಿಟ್ಟುಹೋದವುಗಳಲ್ಲಿ ಒಳ್ಳೆಯದು ಒಂದೇ, ಡಬ್ಬಿಬೇಟೆ. ಜಿಪಿಎಸ್ ಎಂಬ ಉಪಕರಣ ಕೈಗೆ ಬಂದ ಹೊಸತರಲ್ಲಿ ನಿಮ್ಮಲ್ಲೊಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಜಾಗದ ಅಂಕಿಗಳನ್ನು ಇತರರಿಗೆ ತಿಳಿಸಿ, ‘ಹುಡುಕಿ ನೋಡೋಣ’ ಎಂದರಂತೆ. ಹುಡುಕಿದವರು ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದರು. ಅಷ್ಟೇ ಆಟ. ಗೆಲುವಿಲ್ಲ, ಸೋಲಿಲ್ಲ. ಗುಡ್ಡ ಹತ್ತಲು ಒಂದು ನೆಪ. ನಮ್ಮ ಸೀಮೆಯಂತೂ ಈ ಆಟಕ್ಕೆಂದೇ ಹುಟ್ಟಿದ್ದು. ಆನೆಗೊಂದಿಯಿಂದ ಹೇಮಗುಡ್ಡದವರೆಗೆ ಬಂಡೆಯ ಮೇಲೆ ಬಂಡೆ, ಬಂಡೆಯ ಕೆಳಗೆ ಸಂದು, ಸಂದಿನೊಳಗೆ ಕರಡಿ. ಕರಡಿ ಇಲ್ಲದ ಸಂದಿನಲ್ಲಿ ಡಬ್ಬಿ.

ಇಷ್ಟು ಸರಳವಾದ ಆಟವನ್ನೂ ನೀವು ಒಬ್ಬರ ಕೈಗೆ ಬರೆದುಕೊಟ್ಟಿರಿ. ಡಬ್ಬಿಗಳ ಜಾಗ ನಮೂದಿಸಲು ಒಂದು ಕಂಪನಿ ವೆಬ್‌ಸೈಟ್ ತೆರೆಯಿತು. ನಾನು ಹೇಳುತ್ತಿರುವುದು ಮಹಾಶೋಧ ಎಂಬುದರ ಬಗ್ಗೆ. ಮೊದಲು ಎಲ್ಲವೂ ಪುಕ್ಕಟೆಯಾಗಿತ್ತು, ನೀವು ಹಾಡಿ ಹೊಗಳಿದಿರಿ. ಆಮೇಲೆ ಒಳ್ಳೆಯ ಡಬ್ಬಿಗಳನ್ನು ನೋಡಲು ಚಂದಾ ಎಂದಿತು, ಗೊಣಗುತ್ತಾ ಕಟ್ಟಿದಿರಿ. ಆಮೇಲೆ ಒಂದು ಕರಾರು ಕಳಿಸಿತು: ಸದಸ್ಯರು ಸೇರಿಸುವ ಪ್ರತಿಯೊಂದು ತಾಣ, ಅದರ ವಿವರ, ಸುಳಿವು, ಮತ್ತು ಅವುಗಳಿಂದ ಹುಟ್ಟುವ ಸಕಲವೂ ಎಂದೆಂದಿಗೂ ಕಂಪನಿಗೆ ಸೇರಿದ್ದು. ಗುಂಡಿ ಒತ್ತಿದಿರಿ. ಗುಡ್ಡ ಹತ್ತಿದವರು ನೀವು, ಮೊಣಕಾಲು ತರಚಿಕೊಂಡವರು ನೀವು, ನಗು ಬರುವ ಹಾಗೆ ಸುಳಿವು ಬರೆದವರು ನೀವು. ಅದನ್ನೆಲ್ಲ ಕೊಟ್ಟು, ಅದನ್ನೇ ನೋಡಲು ಚಂದಾ ಕಟ್ಟಿದವರೂ ನೀವು. ನಮ್ಮಲ್ಲಿ ಇಂಥವರಿಗೆ ಒಂದು ಹೆಸರಿದೆ. ಮುದ್ರಿಸುವ ಹಾಗಿಲ್ಲ.

ಈಗ ಹುಲಿಗೆಮ್ಮನ ಕಥೆ ಹೇಳುತ್ತೇನೆ. ಹುಲಿಗೆಮ್ಮ ನಮ್ಮ ಬೀದಿಯ ತುದಿಯಲ್ಲಿ ಖಾನಾವಳಿ ನಡೆಸುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎನ್ನುತ್ತೇನೆ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದವನು ಒಬ್ಬನೇ ಅಣ್ಣ, ದುರುಗಪ್ಪ. ಅವನಷ್ಟು ಚೆನ್ನಾಗಿ ಡಬ್ಬಿ ಬಚ್ಚಿಡುವವರು ಈ ಸೀಮೆಯಲ್ಲಿ ಇರಲಿಲ್ಲ, ಸುಳಿವು ಬರೆಯುವವರಂತೂ ಇಲ್ಲವೇ ಇಲ್ಲ. ‘ಊಟ ಮಾಡದೆ ಸಿಟ್ಟಾಗಿ ಹೊರಟ ಬೀಗರ ಹಾಗೆ ಬಂಡೆಯೊಂದು ಮುಖ ತಿರುಗಿಸಿ ನಿಂತಿದೆ. ಬೆನ್ನು ಸವರಿ ಸಮಾಧಾನ ಮಾಡಿ, ಸಿಗುತ್ತದೆ’ ಎಂದು ಬರೆಯುತ್ತಿದ್ದ. ಜನ ಡಬ್ಬಿ ಹುಡುಕದಿದ್ದರೂ ಸುಳಿವು ಓದಲು ಅವನ ಪುಟಗಳಿಗೆ ಹೋಗುತ್ತಿದ್ದರು. ಪುಪ್ಪುಸದ ಕಾಯಿಲೆಯಲ್ಲಿ ಅವನು ತೀರಿಕೊಂಡ. ಖಾನಾವಳಿಯ ಕೆಲಸ ಮುಗಿದ ಮೇಲೆ ಹುಲಿಗೆಮ್ಮ ಒಂದೊಂದು ಸುಳಿವು ಓದಿ ಒಬ್ಬಳೇ ನಗುವುದನ್ನು ನಾನು ನೋಡಿದ್ದೇನೆ. ಅಣ್ಣನ ದನಿ ಅವಳಿಗೆ ಉಳಿದದ್ದು ಅಲ್ಲಿ ಮಾತ್ರ.

ವರ್ಷ ತುಂಬಿದ ಮೇಲೆ ಒಂದು ದಿನ ಪುಟಗಳು ತೆರೆಯಲಿಲ್ಲ. ವರ್ಷವಿಡೀ ಆಟವಾಡದ ಸದಸ್ಯನ ಪುಟಗಳಿಗೆ ಮಹಾಶೋಧ ಬೀಗ ಹಾಕುತ್ತದೆ. ಹುಲಿಗೆಮ್ಮ ಬರೆದು ಕೇಳಿದಳು: ಅಣ್ಣ ತೀರಿಕೊಂಡಿದ್ದಾನೆ, ಅವನ ಮಾತುಗಳನ್ನಷ್ಟೇ ನಕಲು ಮಾಡಿಕೊಡಿ. ಉತ್ತರ ಬಂತು. ಸಂತಾಪದ ಒಂದು ಸಾಲು. ಅದರ ಕೆಳಗೆ, ಮೃತರು ಆಟಗಾರರಲ್ಲ, ಪುಟಗಳು ಕಂಪನಿಯ ಸ್ವತ್ತು, ನಕಲು ಕೊಡಲಾಗದು. ಜತೆಗೆ ಕರಾರಿನ ಉಲ್ಲೇಖ, ನಿಮ್ಮ ಶತಮಾನದ ತಾರೀಕು. ಹುಲಿಗೆಮ್ಮ ಅದನ್ನು ನನ್ನ ಅಂಗಡಿಗೆ ತಂದು ಗಟ್ಟಿಯಾಗಿ ಓದಿದಳು.

“ಸತ್ತವರು ಆಟಗಾರರಲ್ಲಂತ. ಹಂಗಾದ್ರ ಇದನ್ನ ಬರದವರು ಯಾವಾಗ ಸತ್ರಬೇ, ಫಕೀರವ್ವಾ?”

ನಾನು ನಕ್ಕೆ. ಅವಳು ನಗಲಿಲ್ಲ. “ಇಂಥಾದ್ದೊಂದು ನಾವ ಮಾಡಾಕ ಏನು ಬೇಕು?” ಎಂದಳು.

“ಒಂದು ಹಳೇ ಯಂತ್ರ ಬೇಕು, ತಣ್ಣನ ಜಾಗ ಬೇಕು. ಯಂತ್ರಕ್ಕ ಬೇಕಾದ ಬರಹ ನಾ ಬರೀತೀನಿ. ಆದ್ರ ಅಕ್ಕಾ, ಜನ ಎಲ್ಲಿಂದ ತರ್ತಿ?”

“ಜನ ಬಿಡು. ತಣ್ಣನ ಜಾಗ ನಂತಾಕ ಐತಿ.”

ಖಾನಾವಳಿಯ ಹಿತ್ತಲಲ್ಲಿ ಮುತ್ತಜ್ಜಿಯ ಕಾಲದ ಹಗೇವು ಇತ್ತು. ಹಗೇವು ನಿಮಗೆ ನೆನಪಿದೆಯೋ ಇಲ್ಲವೋ, ಜೋಳ ತುಂಬಿಡಲು ನೆಲದೊಳಗೆ ತೋಡಿದ ಕೋಣೆಯಂಥ ಗುಂಡಿ, ಬಾಯಿಗೆ ಚಪ್ಪಡಿ ಕಲ್ಲು. ಮೇಲೆ ನೆಲ ಕಾದು ಹೆಂಚಾದರೂ ಒಳಗೆ ತಂಪು. ಕೆಟ್ಟ ಗಾಳಿ ಇದೆಯೋ ಎಂದು ಮೊದಲು ದೀಪ ಇಳಿಸಿ ನೋಡಿದೆವು, ಆರಿಹೋಯಿತು. ಪಕ್ಕದಲ್ಲಿ ಗಾಳಿಗಿಂಡಿ ಕೊರೆಸಿ, ಮೂರು ದಿನ ಬಿಟ್ಟು, ಹಳೇ ಆಸ್ಪತ್ರೆಯವರು ಹೊರಗೆಸೆದಿದ್ದ ಯಂತ್ರವೊಂದನ್ನು ನಾನು ರಿಪೇರಿ ಮಾಡಿ ಹಗ್ಗ ಕಟ್ಟಿ ಇಳಿಸಿದೆ. ಜಗತ್ತಿನ ಅತಿ ದೊಡ್ಡ ಡಬ್ಬಿಬೇಟೆ ಕಂಪನಿಗೆ ಎದುರಾಳಿ ಹುಟ್ಟಿದ್ದು ಜೋಳದ ಗುಂಡಿಯಲ್ಲಿ. ಅದಕ್ಕೆ ಹುಲಿಗೆಮ್ಮನೇ ‘ಬಯಲಾಟ’ ಎಂದು ಹೆಸರಿಟ್ಟಳು.

ಮಹಾಶೋಧದಿಂದ ಒಂದು ಅಂಕಿಯನ್ನೂ ನಕಲು ಮಾಡಬಾರದೆಂದು ಅವಳ ಹಟ. “ಅವರ ಎಂಜಲು ನಮಗ ಬ್ಯಾಡ” ಎಂದಳು. ಆ ಮಳೆಗಾಲ ಚಳಿಗಾಲ ಪೂರ್ತಿ ನಾವಿಬ್ಬರೂ ವಾರದ ರಜೆಯ ದಿನ ಗುಡ್ಡ ಹತ್ತಿ ದುರುಗಪ್ಪನ ಡಬ್ಬಿಗಳನ್ನು ನೆನಪಿನಿಂದ ಹುಡುಕಿದೆವು. ಕೆಲವು ಸಿಕ್ಕವು, ಕೆಲವನ್ನು ಕರಡಿ ಕಚ್ಚಿ ಬಿಸಾಕಿತ್ತು. ಸಿಕ್ಕವಕ್ಕೆ ಹುಲಿಗೆಮ್ಮ ಹೊಸ ಸುಳಿವು ಬರೆದಳು. ಅಣ್ಣನಷ್ಟು ಚೆನ್ನಾಗಿ ಬರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಬರೆದು ಬರೆದು ಅಳಿಸುತ್ತಿದ್ದಳು.

ಉರಿತಿಂಗಳು ಮುಗಿದು ಊರು ಹೊರಗೆ ಬರುವ ದಿನ ನಮಗೆ ದೊಡ್ಡ ಹಬ್ಬ, ಕದ ತೆರೆಯುವ ಹಬ್ಬ. ಆ ದಿನ ಬಯಲಾಟ ಶುರು ಮಾಡಿದೆವು. ಸೀಮೆಯ ಡಬ್ಬಿ ಆಟಗಾರರನ್ನೆಲ್ಲ ಹುಲಿಗೆಮ್ಮ ಊಟಕ್ಕೆ ಕರೆದಳು. ಖಾನಾವಳಿಯ ಗೋಡೆಯ ಮೇಲೆ ಸುಣ್ಣದಲ್ಲಿ ನಿಯಮ ಬರೆಸಿದ್ದಳು: ‘ಡಬ್ಬಿ ಇಟ್ಟವರದು. ಖುಷಿ ಹುಡುಕಿದವರದು. ಗುಡ್ಡ ಯಾರದೂ ಅಲ್ಲ.’ ಚಂದಾ ಇಲ್ಲ, ಬೀಗ ಇಲ್ಲ, ಯಾರು ಬೇಕಾದರೂ ಎಲ್ಲವನ್ನೂ ನಕಲು ಮಾಡಿಕೊಂಡು ಹೋಗಬಹುದು. ಬಂದವರು ವರ್ಷಗಟ್ಟಲೆ ಮಹಾಶೋಧವನ್ನು ಬೈದವರೇ. ಅಂದೂ ಬೈಯುತ್ತಲೇ ರೊಟ್ಟಿ ಮುರಿದರು. ಊಟವಾದ ಮೇಲೆ ಹುಲಿಗೆಮ್ಮ ಎದ್ದು ನಿಂತು, “ಏನಾರ ಕೇಳೋದೈತೇನ್ರಿ?” ಎಂದಳು.

“ಬಿಲ್ಲೆ ಕೊಡ್ತೀರೇನ್ರಿ?” ಎಂದ ಒಬ್ಬ. ನೂರು ಡಬ್ಬಿ ಹುಡುಕಿದವರಿಗೆ ಮಹಾಶೋಧ ಹಿತ್ತಾಳೆಯ ಬಿಲ್ಲೆ ಕೊಡುತ್ತದೆ.

“ನನ್ನ ಹಳೇ ಎಣಿಕಿ ಇಲ್ಲಿ ಸೇರಸ್ತೀರೋ, ಮತ್ತ ಒಂದರಿಂದ ಹಚ್ಚಬೇಕೋ?” ಎಂದಳು ಇನ್ನೊಬ್ಬಳು.

“ಪುಕ್ಕಟೆ ಅಂದ್ರ ಇದರಾಗ ಏನೋ ಐತಿ. ಏನೂ ಇಲ್ದ ಯಾರು ಮಾಡ್ತಾರ?” ಎಂದ ಮೂರನೆಯವನು, ಪುಕ್ಕಟೆ ರೊಟ್ಟಿಯ ಕೊನೆಯ ತುತ್ತು ನುಂಗುತ್ತಾ.

ಹುಲಿಗೆಮ್ಮ ತಾಟು ಎತ್ತತೊಡಗಿದಳು. ಆದರೂ ಸುಮಾರು ಜನ ಹೆಸರು ಹಚ್ಚಿದರು, ಕೆಲವರು ಡಬ್ಬಿಗಳನ್ನೂ ನಮೂದಿಸಿದರು. ಒಂದು ತಿಂಗಳು ಆಟ ಚೆನ್ನಾಗಿ ನಡೆಯಿತು. ಆಗ ಮಹಾಶೋಧದಿಂದ ಎರಡು ಸುದ್ದಿ ಬಂದವು. ಒಂದು ಹುಲಿಗೆಮ್ಮನಿಗೆ: ಮೊದಲು ನಮ್ಮಲ್ಲಿ ನಮೂದಾದ ಯಾವ ಡಬ್ಬಿಯೂ, ಯಾವ ಜಾಗವೂ ನಿಮ್ಮಲ್ಲಿ ಇರಕೂಡದು, ಅಂಥ ಜಾಗದಲ್ಲಿ, ಅದರ ಆಸುಪಾಸಿನಲ್ಲಿ ಏನಿಟ್ಟರೂ ತೆಗೆಸುತ್ತೇವೆ. ಇನ್ನೊಂದು ಎಲ್ಲರಿಗೆ: ಬೇರೆಲ್ಲೂ ಡಬ್ಬಿ ನಮೂದಿಸುವುದಿಲ್ಲವೆಂದು ಒಪ್ಪುವವರಿಗೆ ಈ ಸೀಮೆಯಲ್ಲಿ ಒಂದು ವರ್ಷ ಚಂದಾ ಮಾಫಿ. ಒಂದೇ ವಾರದಲ್ಲಿ ನಮ್ಮ ಬಯಲು ನಿಜವಾಗಿಯೂ ಬಯಲಾಯಿತು. ಅತಿ ಜೋರಾಗಿ ಬೈದವರು ಅತಿ ಮೊದಲು ಹೋದರು. ಅವರು ನಿಮ್ಮ ಮರಿಮಕ್ಕಳ ಮಕ್ಕಳು, ಬೇರೆ ಹೇಗೆ ಇದ್ದಾರು?

ಡಬ್ಬಿ ತೆಗೆಯುವ ಕೆಲಸ ಪಂಪಣ್ಣನ ಪಾಲಿಗೆ ಬಂತು. ಪಂಪಣ್ಣ ಮಹಾಶೋಧದ ಗೌರವ ಪರಿಶೀಲಕ. ನಿಮ್ಮ ಕಾಲದಲ್ಲೂ ‘ಗೌರವ’ ಎಂದರೆ ಸಂಬಳವಿಲ್ಲ ಎಂದೇ ಅರ್ಥವಿತ್ತಂತೆ. ಅವನು ಬಿಸಿಲಂಗಿ ಹೊಲಿಯುವ ದರ್ಜಿ, ನಮ್ಮ ಬೀದಿಯವನೇ, ಒಳ್ಳೆಯ ಕೈ. ಇಪ್ಪತ್ತು ವರ್ಷದಿಂದ ಕಂಪನಿಯ ಪರವಾಗಿ ಡಬ್ಬಿಗಳನ್ನು ಪರಿಶೀಲಿಸುತ್ತಾ, ಚಂದಾವನ್ನೂ ತಾನೇ ಕಟ್ಟುತ್ತಾ, ಎದೆಯ ಮೇಲೆ ಪರಿಶೀಲಕರಿಗೆ ಕೊಡುವ ಬೆಳ್ಳಿಬಣ್ಣದ ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಿದ್ದ. ಒಂದು ಮುಂಜಾನೆ ನಾವು ಹೇಮಗುಡ್ಡದ ಬದಿಯ ಬಂಡೆ ಹತ್ತಿದಾಗ ಅವನು ಅಲ್ಲಿ ಕುಳಿತಿದ್ದ. ಪಕ್ಕದಲ್ಲಿ ಚೀಲ, ಚೀಲದ ತುಂಬ ಡಬ್ಬಿ.

“ಯಾರದು ಪಂಪಣ್ಣ, ಇವೆಲ್ಲಾ?” ಹುಲಿಗೆಮ್ಮ ಕೇಳಿದಳು.

“ಕಂಪನಿದು, ತಂಗಿ. ಸಿಟ್ಟಾಗಬ್ಯಾಡ. ನಿಯಮ ಅಂದ್ರ ನಿಯಮ.”

ಅವಳು ಚೀಲದೊಳಗೆ ಕೈ ಹಾಕಿ ಅಣ್ಣನ ಡಬ್ಬಿಯೊಂದನ್ನು ತೆಗೆದಳು, ನೋಡಿದಳು, ಹಿಂದಕ್ಕೆ ಹಾಕಿದಳು. ಆಮೇಲೆ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಎತ್ತಿದಳು, ಕುಂಕುಮದ ಭರಣಿಯಂಥದ್ದು. “ಇದು ಲಚಮಕ್ಕಂದಲ್ಲೇನು?” ಲಚಮವ್ವ ಪಂಪಣ್ಣನ ಹೆಂಡತಿ. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ಇಟ್ಟ ಡಬ್ಬಿ ಅದು. ಯಾರೋ ಅದನ್ನೂ ಬಯಲಾಟದಲ್ಲಿ ನಮೂದಿಸಿದ್ದರು.

“ಮೊದಲು ಅಲ್ಲಿ ಹಾಕಿದ್ದು. ನನ್ನದಾದ್ರೇನು, ತೆಗೀಬೇಕು” ಎಂದ ಪಂಪಣ್ಣ, ನೆಲ ನೋಡುತ್ತಾ.

ಹುಲಿಗೆಮ್ಮ ಚೀಲವನ್ನು ಅವನ ಕಡೆ ತಳ್ಳಿದಳು. “ತಗೊಂಡು ಹೋಗು. ನಾಳಿ ನಾ ಹೊಸಾ ಡಬ್ಬಿ ಇಡ್ತೀನಿ, ಇದ ಜಾಗಾದಾಗ. ನೀ ನಾಡಿದ್ದು ಏರು. ನನ್ನ ಮೊಣಕಾಲು ಗಟ್ಟಿ ಅದಾವು. ನಿನ್ನವು?”

ಹಾಗೇ ಆಯಿತು. ಅವಳು ಇಟ್ಟಳು, ಅವನು ತೆಗೆದ. ಮತ್ತೆ ಇಟ್ಟಳು, ಮತ್ತೆ ತೆಗೆದ. ಮಳೆ ಬಂತು, ಹೋಯಿತು, ಚಳಿ ಬಂತು. ಇವಳು ಹತ್ತುವ ದಿನವೂ ಅವನು ಹತ್ತುವ ದಿನವೂ ಬಯಲಾಟದಲ್ಲಿ ಎಲ್ಲರಿಗೂ ಕಾಣುವಂತೆ ಹುಲಿಗೆಮ್ಮ ಬರೆಯುತ್ತಿದ್ದಳು: ‘ಇವತ್ತು ಪಂಪಣ್ಣ ಎರಡು ಸಲ ಕುಂತು ಎದ್ದ.’ ಊರಿಗೆ ಇದೊಂದು ಮೋಜಾಯಿತು. ಬಿಟ್ಟುಹೋದವರೆಲ್ಲ ಓದಲು ಬಂದರು. ಓದಲು ಬಂದವರಿಗೆ ತಾವೂ ಒಂದು ಡಬ್ಬಿ ಇಟ್ಟು ಪಂಪಣ್ಣನನ್ನು ಇನ್ನೊಂದು ಗುಡ್ಡ ಹತ್ತಿಸಬೇಕೆನಿಸಿತು. ರಾಯಚೂರಿನಿಂದ ಬಂದು ಇಟ್ಟರು, ಬಳ್ಳಾರಿಯಿಂದ ಬಂದು ಇಟ್ಟರು. ಕಂಪನಿಯ ಹಳೇ ಡಬ್ಬಿಯ ಪಕ್ಕದಲ್ಲೇ ಇಟ್ಟರು, ಅವನು ಬಂದೇ ಬರಬೇಕೆಂದು. ಬಯಲಾಟ ಬೆಳೆದದ್ದು ಹೀಗೆ. ನ್ಯಾಯಕ್ಕಾಗಿ ಒಬ್ಬರೂ ಬರಲಿಲ್ಲ. ಒಬ್ಬ ದರ್ಜಿಯ ಉಸಿರು ಕಟ್ಟುವುದನ್ನು ನೋಡಲು ನೂರಾರು ಜನ ಬಂದರು.

ಉರಿತಿಂಗಳ ಹಿಂದಿನ ದಿನ ಮಧ್ಯಾಹ್ನ ಲಚಮವ್ವ ಖಾನಾವಳಿಯ ಬಾಗಿಲಿಗೆ ಬಂದಳು. ಬಿಸಿಲಂಗಿ ಇಲ್ಲ, ಬರಿಗಾಲು.

“ಹುಲಿಗಿ, ನಸುಕಿನ್ಯಾಗ ಹೋದವರು ಬಂದಿಲ್ಲ. ಎಲ್ಲಿಗೆ ಕಳಿಸೀದಿ ನನ್ನ ಗಂಡನ್ನ?”

ಹುಲಿಗೆಮ್ಮ ಹಿಟ್ಟಿನ ಕೈ ಕೊಡವಿ ಎದ್ದಳು. ಮೂರು ದಿನದ ಹಿಂದೆ ಅವಳೊಂದು ಡಬ್ಬಿ ಇಟ್ಟಿದ್ದಳು, ಹೇಮಗುಡ್ಡದ ಪಡುವಲ ಮೈಯಲ್ಲಿ, ಎರಡು ಹೆಬ್ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ. ನಾನು ಬೇಡವೆಂದಿದ್ದರೂ ಕೇಳಿರಲಿಲ್ಲ. ಗೋಣಿ ನೆನೆಸಿಕೊಂಡು, ನೀರಿನ ಬಿಂದಿಗೆ, ಹಾರೆ ಹೊತ್ತು ನೆರಳುಹಾದಿಯಲ್ಲಿ ಓಡಿದೆವು. ದಾರಿಯಲ್ಲಿ ಕಂಡ ಆಟಗಾರರನ್ನೆಲ್ಲ ಕೂಗಿ ಕರೆದೆವು. ದಿನವೂ ಪಂಪಣ್ಣನನ್ನು ನೋಡಿ ನಕ್ಕವರು ಅವರು. “ಬಿಸಿಲು ಭಾಳ ಐತಿ, ಹೊತ್ತು ಇಳೀಲಿ, ಬರ್ತೀವಿ” ಎಂದರು. ಹೊತ್ತು ಇಳಿಯುವವರೆಗೆ ಮನುಷ್ಯ ಉಳಿಯಬೇಕಲ್ಲ. ನಾವು ಮೂವರೇ ಹೆಂಗಸರು ಹತ್ತಿದೆವು.

“ಲಚಮಕ್ಕ, ಆ ಜಾಗಾ ನಾ ಬೇಕಂತಲೇ ಆರಿಸಿದ್ದೆ” ಎಂದಳು ಹುಲಿಗೆಮ್ಮ, ಬಂಡೆ ಹಿಡಿದು ಏದುಸಿರು ಬಿಡುತ್ತಾ.

“ಗೊತ್ತೈತಿ. ಮೊದಲು ಇಳಸೂಣು. ಆಮ್ಯಾಲ ಬೈತೀನಿ.”

ಪಂಪಣ್ಣ ಇಕ್ಕಟ್ಟಿನಲ್ಲೇ ಇದ್ದ. ಜಾರಿ ಬಿದ್ದು ಎಡಗಾಲು ಎರಡು ಬಂಡೆಗಳ ನಡುವೆ ಸಿಕ್ಕಿತ್ತು. ತುಟಿ ಒಣಗಿ ಬಿರಿದಿತ್ತು. ನಮ್ಮನ್ನು ಕಂಡು ಏನೋ ಗೊಣಗಿದ. ಕಿವಿ ಹಚ್ಚಿ ಕೇಳಿದೆವು. “ಡಬ್ಬಿ ಸಿಕ್ತು. ಚೀಲದಾಗೈತಿ. ನಿಯಮದ ಪ್ರಕಾರ...”

“ನಿಯಮ ಕುಡೀತಿಯೇನು? ನೀರು ಕುಡಿ!” ಎಂದು ಹುಲಿಗೆಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ನೀರು ಬಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅಣ್ಣ ಸತ್ತಾಗಲೂ ಕಂಡಿರಲಿಲ್ಲ. ಹಾರೆ ಹಾಕಿ ಕಾಲು ಬಿಡಿಸಿ, ಬಿಸಿಲಂಗಿಯನ್ನೇ ಜೋಲಿ ಮಾಡಿ ಇಳಿಸಿದೆವು. ಅವನೇ ಹೊಲಿದ ಅಂಗಿ, ಒಂದು ಹೊಲಿಗೆಯೂ ಬಿಚ್ಚಲಿಲ್ಲ.

ಜೀವ ಉಳಿಯಿತು, ಕಾಲು ನೆಟ್ಟಗಾಗಲಿಲ್ಲ. ಹುಲಿಗೆಮ್ಮ ಆ ಉರಿತಿಂಗಳು ಪೂರ್ತಿ ಅವರ ಮನೆಗೆ ಊಟ ಕಳಿಸಿದಳು. ಲಚಮವ್ವ ದಿನವೂ ಊಟ ತೆಗೆದುಕೊಂಡಳು, ಮಾತು ಕೊಟ್ಟಿದ್ದಂತೆ ದಿನವೂ ಬೈದಳು. ಹುಲಿಗೆಮ್ಮ ನಿಂತು ಕೇಳಿಸಿಕೊಂಡು ಪಾತ್ರೆ ತೆಗೆದುಕೊಂಡು ಬರುತ್ತಿದ್ದಳು. ಗುಡ್ಡದಲ್ಲಿ ಪೈಪೋಟಿ ನಿಂತಿತು. ಅಪಾಯದ ಜಾಗದಲ್ಲಿ ಡಬ್ಬಿ ಇಡುವುದನ್ನು ಬಯಲಾಟ ಬಿಟ್ಟಿತು. ಪಂಪಣ್ಣನ ಪರವಾಗಿ, ಚಿಕಿತ್ಸೆಯ ಖರ್ಚು ಕೇಳಿ, ನಾನೇ ಮಹಾಶೋಧಕ್ಕೆ ಬರೆದೆ. ಬೇಗ ಗುಣವಾಗಲಿ ಎಂಬ ಹಾರೈಕೆ ಬಂತು, ಗೌರವ ಪರಿಶೀಲಕರು ಕಂಪನಿಯ ನೌಕರರಲ್ಲ ಎಂಬ ಮಾತೂ ಬಂತು. ವರ್ಷ ಕಳೆಯಿತು. ಗುಡ್ಡ ಹತ್ತದ, ಆಟವಾಡದ ಪಂಪಣ್ಣನ ಪುಟಗಳಿಗೂ ಬೀಗ ಬಿತ್ತು. ಅವನು ಬಿಲ್ಲೆಯನ್ನು ಒರೆಸಿ ಮತ್ತೆ ಅಂಗಿಗೆ ಚುಚ್ಚಿಕೊಂಡ.

ಲಚಮವ್ವ ಮಾತ್ರ ಸುಮ್ಮನಿರಲಿಲ್ಲ. ಸೆರಗಿನಲ್ಲಿ ಏನೋ ಕಟ್ಟಿಕೊಂಡು ಖಾನಾವಳಿಗೆ ಬಂದು ಮೇಜಿನ ಮೇಲಿಟ್ಟಳು. ಆ ಪುಟ್ಟ ಹಿತ್ತಾಳೆ ಭರಣಿ. ತೆಗೆದ ಡಬ್ಬಿಗಳನ್ನು ಜಜ್ಜಿ ಅದರ ಚಿತ್ರ ಕಳಿಸಬೇಕೆಂಬುದು ಕಂಪನಿಯ ನಿಯಮ. ಉಳಿದೆಲ್ಲವನ್ನೂ ಜಜ್ಜಿದ ಪಂಪಣ್ಣ ಇದೊಂದನ್ನು ಬಟ್ಟೆಯ ಚೂರುಗಳ ಗಂಟಿನಲ್ಲಿ ಸುತ್ತಿಟ್ಟಿದ್ದನಂತೆ.

“ಬರ್ಕೋ ಹುಲಿಗಿ. ನನ್ನ ಮದುವಿ ಡಬ್ಬಿ. ಅವರು ಕಂಪನಿಗೆ ಬರದು ಕೊಟ್ಟಿರಬಹುದು, ನಾ ಕೊಟ್ಟಿಲ್ಲ.”

“ಪಂಪಣ್ಣ ಒಪ್ಯಾನೇನಕ್ಕಾ?”

“ಕೇಳಿಲ್ಲ. ಬರದು ಕೊಟ್ಟಾಗ ಅವರು ನನ್ನ ಕೇಳಿದ್ರೇನು?”

ಮರುದಿನ ಬೆಳಿಗ್ಗೆ ಅವಳೂ ಹುಲಿಗೆಮ್ಮನೂ ಬಂಡೆ ಹತ್ತಿದರು. ಪಂಪಣ್ಣನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಾನು ಬುಡದಲ್ಲಿ ನಿಂತಿದ್ದೆ. ಒಲ್ಲೆನೆಂದವನು ಬಂದಿದ್ದ, ಬಂದವನು ಮುಖ ತಿರುಗಿಸಿ ಕೂತಿದ್ದ. ಸ್ವಲ್ಪ ಹೊತ್ತು ಮೇಲೆ ನೋಡಲೇ ಇಲ್ಲ. ಆಮೇಲೆ ತಡೆಯಲಾಗಲಿಲ್ಲ. “ಅಲ್ಲಲ್ಲ, ಎಡಕ್ಕ! ಎಡಗಡೆ ಸಂದಿನಾಗ!” ಎಂದು ಕೂಗಿದ. ಮೇಲಿನಿಂದ ಲಚಮವ್ವನ ದನಿ ಬಂತು: “ಸುಮ್ನ ಕುಂದರ್ರಿ! ನನಗ ಗೊತ್ತೈತಿ!” ಅವನು ನಕ್ಕನೋ ಕೆಮ್ಮಿದನೋ ಹೇಳಲಾರೆ. ತಪ್ಪಾಯಿತು ಎಂದು ಅವನು ಇವತ್ತಿಗೂ ಹೇಳಿಲ್ಲ, ಮಹಾಶೋಧದ ವಿರುದ್ಧ ಒಂದು ಮಾತೂ ಆಡಿಲ್ಲ. ಹುಲಿಗೆಮ್ಮ ಕೇಳಿಯೂ ಇಲ್ಲ. ಈಗ ಅವನು ಬಯಲಾಟದ ಹೊಸ ಡಬ್ಬಿಗಳ ಅಂಕಿ ಸರಿಯಿದೆಯೇ ಎಂದು ಕೂತಲ್ಲೇ ಪರೀಕ್ಷಿಸುತ್ತಾನೆ. ತಪ್ಪಿದ್ದರೆ ಇಟ್ಟವರಿಗೆ ಹಿಗ್ಗಾಮುಗ್ಗಾ ಬೈದು ಬರೆಯುತ್ತಾನೆ. ಬಿಲ್ಲೆ ಹಾಕಿಕೊಂಡೇ.

ನಾವು ಗೆದ್ದೆವೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಮಹಾಶೋಧ ಇನ್ನೂ ಇದೆ, ನಮಗಿಂತ ನೂರು ಪಟ್ಟು ದೊಡ್ಡದಾಗಿದೆ. ದುರುಗಪ್ಪನ ಸುಳಿವುಗಳು ಅದರ ಹೊಟ್ಟೆಯಲ್ಲೇ ಇವೆ, ಹುಲಿಗೆಮ್ಮನಿಗೆ ಅವು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ನಮ್ಮದನ್ನು ನಕಲು ಮಾಡಿಕೊಂಡು ಇನ್ನೂ ಆರೇಳು ಊರುಗಳವರು ತಂತಮ್ಮ ಗುಂಡಿಗಳಲ್ಲಿ, ನೆಲಮಾಳಿಗೆಗಳಲ್ಲಿ ಯಂತ್ರ ಇಳಿಸಿದ್ದಾರೆ. ಒಬ್ಬರಿಗೊಬ್ಬರು ಜಗಳವಾಡುತ್ತಾರೆ, ನಾನೇ ಮೊದಲು ಎನ್ನುತ್ತಾರೆ. ಅವರನ್ನು ಕಂಡರೂ ನನಗೆ ಅಷ್ಟಕ್ಕಷ್ಟೆ. ಆದರೆ ಅವರ ಡಬ್ಬಿಗಳ ಮೇಲೆ ಯಾರದೂ ಬೀಗವಿಲ್ಲ.

ನಿಮ್ಮ ನಡುವೆಯೂ ಈ ಹೊತ್ತು ಯಾರೋ ಒಬ್ಬರು ಇಂಥದೇ ಒಂದು ಪುಕ್ಕಟೆ ತಾಣ ತೆರೆದು ಕೂತಿರುತ್ತಾರೆ. ನೀವು ಒಮ್ಮೆ ಇಣುಕಿ, ನಾಲ್ಕೇ ಡಬ್ಬಿ ಕಂಡು, ‘ಇಲ್ಲೇನೂ ಇಲ್ಲ’ ಎಂದು ಮೂಗು ಮುರಿದು, ದೊಡ್ಡದಕ್ಕೇ ಮರಳಿರುತ್ತೀರಿ. ಅಲ್ಲಿ ಏನೂ ಇಲ್ಲದಿರುವುದಕ್ಕೆ ಕಾರಣ ಅಲ್ಲಿ ನೀವಿಲ್ಲದಿರುವುದು ಎಂಬಷ್ಟು ಸಣ್ಣ ಲೆಕ್ಕವೂ ನಿಮ್ಮ ತಲೆಗೆ ಹತ್ತಿರುವುದಿಲ್ಲ. ನನ್ನದೊಂದೇ ಕೋರಿಕೆ: ಹೋಗಿ, ಅಲ್ಲಿ ಐದನೆಯ ಡಬ್ಬಿ ನೀವು ಇಡಿ. ನ್ಯಾಯಕ್ಕಾಗಿ ಹೋಗುವಷ್ಟು ದೊಡ್ಡವರು ನೀವಲ್ಲವೆಂದು ಬಲ್ಲೆ. ಕಂಪನಿಯ ಮೇಲಿನ ಹೊಟ್ಟೆಕಿಚ್ಚಿಗಾದರೂ ಹೋಗಿ, ಪಕ್ಕದ ಮನೆಯವನನ್ನು ಸುಸ್ತು ಮಾಡಲಾದರೂ ಹೋಗಿ. ಯಾಕೆ ಬಂದಿರೆಂದು ಗುಡ್ಡ ಕೇಳುವುದಿಲ್ಲ. ಹತ್ತಿ ಇಳಿಯುವಷ್ಟರಲ್ಲಿ ನಿಮ್ಮಲ್ಲಿ ಯಾರಾದರೂ ಒಬ್ಬರು ಸ್ವಲ್ಪ ಮನುಷ್ಯರಾಗಿರಲೂಬಹುದು. ನಮ್ಮೂರಲ್ಲಿ ಆದದ್ದು ಅಷ್ಟೇ, ಅದೇ ಜಾಸ್ತಿ.

ಮರ್ಯಾದೆ ಉಳಿದಿದ್ದರೆ ನಿಮ್ಮ,
ಫಕೀರವ್ವ